ಎಟಿವಿ ಕೊಳ್ಳುವ ಮುಂಚೆ ಟಾಟಾ ಏಸ್ ಬಾಡಿಗೆ ವಿಚಾರಿಸಿ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಮಹಡಿ ಮೇಲಿನ ಎರಡು ರೂಮನ್ನು ಓದುವ ಹುಡುಗರಿಗೆ ಬಾಡಿಗೆ ಕೊಡುತ್ತೇನೆ. ಹೋದ ವರ್ಷ ಅಲ್ಲಿದ್ದ ನಾಲ್ವರು ಎಂಜಿನಿಯರಿಂಗ್ ಹುಡುಗರು ತಲಾ 25 ಸಾವಿರ ಹಾಕಿ ಒಂದು ಎಟಿವಿ, ಅಂದರೆ ಆಲ್ ಟೆರೇನ್ ವೆಹಿಕಲ್, ತಂದರು. ನಾಲ್ಕು ದಪ್ಪ ಟೈರು, ಬೈಕಿನ ಹ್ಯಾಂಡಲ್, ಕುದುರೆ ಮೇಲೆ ಕೂತ ಹಾಗೆ ಕೂರುವ ಸೀಟು. ರೀಲ್ಸ್‌ನಲ್ಲಿ ಮಣ್ಣು ಹಾರಿಸಿಕೊಂಡು ಹೋಗುತ್ತದಲ್ಲ, ಅದೇ. ಬಂದ ದಿನ ಬೀದಿಯವರೆಲ್ಲ ನೋಡೋಕೆ ನೆರೆದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೆ ಹೊದಿಸಿದ ಟಾರ್ಪಾಲಿನ ಮೇಲೆ ನಮ್ಮ ಮನೆಯವರು ಹಪ್ಪಳ ಒಣಗಿಸುತ್ತಿದ್ದರು.

ಅದಾದ ಮೇಲೆ ಚಿತ್ರದುರ್ಗದ ನೆಂಟರ ಮನೆಯಲ್ಲೂ ಇದೇ ಕತೆ ನೋಡಿದೆ. ಎರಡೂ ಕಡೆ ಎಡವಿದ್ದು ಒಂದೇ ಜಾಗದಲ್ಲಿ. ಬೆಲೆ ಚೌಕಾಸಿ ಮಾಡಿದರು, ಕಾಗದ ಕೇಳಲಿಲ್ಲ. ಈಗಲೂ ಯಾರಾದರೂ ಹುಡುಗರು ಬಂದು "ಅಂಕಲ್, ಎಟಿವಿ ತಗೊಳ್ಳೋಣ ಅಂತಿದೀವಿ" ಅಂದರೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಎಲ್ಲಿ ಓಡಿಸ್ತೀರಿ?

ಜಾಗದ ಹೆಸರನ್ನು ಒಂದು ಚೀಟಿಯಲ್ಲಿ ಬರೆಯಿರಿ. "ಎಲ್ಲಾದ್ರೂ ಗುಡ್ಡದ ಕಡೆ" ಅಂದರೆ ನಡೆಯುವುದಿಲ್ಲ. ಜೋಗಿಮಟ್ಟಿ ಅಂತ ಬರೆದಿದ್ದರೆ ಹೊಡೆದು ಹಾಕಿ, ಅದು ವನ್ಯಜೀವಿ ಧಾಮ. ಕುಂದವಾಡ ಕೆರೆ ಏರಿ ಜನ ವಾಕಿಂಗ್ ಮಾಡುವ ಜಾಗ. ಮೆಕ್ಕೆಜೋಳ ಕಟಾವಾದ ಹೊಲ ಖಾಲಿ ಕಂಡರೂ ಅದಕ್ಕೊಬ್ಬ ಯಜಮಾನ ಇರುತ್ತಾನೆ. ಕೊನೆಗೆ ಉಳಿಯುವುದು ಸ್ವಂತ ಜಮೀನು, ಇಲ್ಲವೇ ಬಾಯಿಬಿಟ್ಟು ಒಪ್ಪಿಗೆ ಕೊಟ್ಟವರ ಜಮೀನು.

ಚನ್ನಗಿರಿ ಕಡೆ ಮನೆಯ ತೋಟ ಇದೆ, ಗಾಡಿ ಅಲ್ಲೇ ನಿಲ್ಲುತ್ತದೆ, ರಜೆಗೆ ಹೋದಾಗ ಅಲ್ಲೇ ಓಡಿಸ್ತೀನಿ ಅನ್ನುವವರು ಮುಂದೆ ಓದಿ. ಹಾಸ್ಟೆಲ್‌ನಲ್ಲಿ ಇರುವವರು ಮುಂದಿನ ಭಾಗ ಓದಿದರೆ ಸಾಕು, ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು: ಕಾಗದ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ದೇಶದಲ್ಲಿ ಒಂದು ಗಾಡಿ ರೋಡಿಗೆ ಇಳಿಯಬೇಕಾದರೆ ಅದರ ಮಾಡೆಲ್ಲನ್ನು ಸರ್ಕಾರ ಒಪ್ಪಿದ ಸಂಸ್ಥೆ ಪರೀಕ್ಷೆ ಮಾಡಿ ಪಾಸ್ ಮಾಡಿರಬೇಕು. ಪಾಸಾದ ಮಾಡೆಲ್ 'ವಾಹನ್' ಅನ್ನುವ ಸರ್ಕಾರಿ ತಂತ್ರಾಂಶದಲ್ಲಿ ಇರುತ್ತದೆ. ಅಲ್ಲಿ ಇಲ್ಲದ ಗಾಡಿಗೆ ನಂಬರ್ ಕೊಡೋಕೆ ದಾವಣಗೆರೆಯ ಕೆಎ–17ರ ಆರ್‌ಟಿಒ ಆಫೀಸಿಗೂ ಆಗಲ್ಲ, ಚಿತ್ರದುರ್ಗದ ಕೆಎ–16ರ ಆಫೀಸಿಗೂ ಆಗಲ್ಲ. ಒಂದು ಲಕ್ಷದ ಆಸುಪಾಸು ಮಾರುವ 110 ಸಿಸಿ, 125 ಸಿಸಿ ಎಟಿವಿಗಳು ಸಾಮಾನ್ಯವಾಗಿ ಹೊರಗಿನಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಿದವು. ಬಿಲ್ಲಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಆಫ್‌ರೋಡ್ ಬಳಕೆಗೆ ಮಾತ್ರ' ಅಂತ ಇರುತ್ತದೆ. ನಮ್ಮ ಹುಡುಗರ ಬಿಲ್ಲಿನಲ್ಲೂ ಇತ್ತು. ನಾಲ್ವರಲ್ಲಿ ಒಬ್ಬನೂ ಓದಿರಲಿಲ್ಲ.

ಮಾರುವವರು ಹೇಳುವ ಮಾತುಗಳು ನನಗೀಗ ಬಾಯಿಪಾಠ ಆಗಿವೆ.

"ಚಿಕ್ಕ ಎಂಜಿನ್ ಅಲ್ವಾ, ಇದಕ್ಕೆ ಆರ್‌ಸಿ ಬೇಡ." ಸುಳ್ಳು. 1988ರ ಮೋಟಾರು ವಾಹನ ಕಾಯ್ದೆ ಬಿಟ್ಟಿರುವುದು ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಎಂಜಿನ್ 25 ಸಿಸಿ ಮೀರದ ಗಾಡಿಯನ್ನು. ಎಟಿವಿ ಚಕ್ರದ ಲೆಕ್ಕದಲ್ಲೂ ಫೇಲು, ಸಿಸಿ ಲೆಕ್ಕದಲ್ಲೂ ಫೇಲು.

"ಬ್ಯಾಟರಿದು ತಗೊಳ್ಳಿ, ಅದಕ್ಕೆ ಏನೂ ಬೇಡ." ಆ ವಿನಾಯಿತಿ 250 ವಾಟ್ ಒಳಗಿನ, ಗಂಟೆಗೆ 25 ಕಿ.ಮೀ. ದಾಟದ ಪುಟಾಣಿ ಗಾಡಿಗಳಿಗೆ. ಅಷ್ಟು ಶಕ್ತಿಯಲ್ಲಿ ಎಟಿವಿ ನಮ್ಮ ಮನೆ ಗೇಟಿನ ಇಳಿಜಾರು ಹತ್ತಿದರೆ ಹೆಚ್ಚು.

"ಟ್ರ್ಯಾಕ್ಟರ್ ಅಂತ ಪಾಸ್ ಮಾಡಿಸೋಣ." ಇದರಲ್ಲಿ ಅರ್ಧ ಸತ್ಯ ಇದೆ. ಪೊಲಾರಿಸ್ ಕಂಪನಿ ತನ್ನ ಒಂದು ಎಟಿವಿಯನ್ನು ಟ್ರ್ಯಾಕ್ಟರ್ ವರ್ಗದಲ್ಲಿ ಪಾಸ್ ಮಾಡಿಸಿ ಇಲ್ಲಿ ಮಾರಿದ್ದು ನಿಜ. ಬೆಲೆ 8 ಲಕ್ಷದ ಹತ್ತಿರ ಇತ್ತು. ಅಷ್ಟು ದುಡ್ಡಿಗೆ ನಿಮ್ಮಪ್ಪ ನಿಜವಾದ ಟ್ರ್ಯಾಕ್ಟರನ್ನೇ ತರುತ್ತಾರೆ. ಆ ಪಾಸ್ ಕಂಪನಿಯ ಮಟ್ಟದಲ್ಲಿ ಮಾಡೆಲ್‌ಗೆ ಸಿಕ್ಕಿದ್ದು. ನಿಮ್ಮೊಬ್ಬರ ಗಾಡಿಗೆ ಅಂಗಡಿಯವನು ಮಾಡಿಸಿಕೊಡುವಂಥದ್ದಲ್ಲ.

"ಜಿಎಸ್‌ಟಿ ಬಿಲ್ ಇದೆಯಲ್ಲ ಸರ್." ಮಿಕ್ಸಿಗೂ ಜಿಎಸ್‌ಟಿ ಬಿಲ್ ಇರುತ್ತದೆ.

ಹಾಗಾದರೆ ಏನು ಕೇಳಬೇಕು? ಎರಡು ಕಾಗದ, ಒಂದು ನಂಬರ್. ಕಾಗದ ಅಂದರೆ ಫಾರಂ 21 ಮತ್ತು ಫಾರಂ 22. ಮೊದಲನೆಯದು ಮಾರಾಟದ ಪತ್ರ. ಎರಡನೆಯದು ಈ ಗಾಡಿ ರೋಡಿಗೆ ಯೋಗ್ಯ ಅಂತ ತಯಾರಕರೇ ಕೊಡುವ ಪತ್ರ. ಫಾರಂ 22 ಅಂದ ಕೂಡಲೇ ಅಂಗಡಿಯವರ ಮುಖ ನೋಡಿ, ಬಹಳಷ್ಟು ತಿಳಿಯುತ್ತದೆ. ನಂಬರ್ ಅಂದರೆ, "ಇದೇ ಮಾಡೆಲ್ಲಿನ, ಆರ್‌ಸಿ ಆಗಿರುವ ಯಾವುದಾದರೂ ಒಂದು ಗಾಡಿಯ ನಂಬರ್ ಕೊಡಿ" ಅಂತ ಕೇಳುವುದು. ಕೊಟ್ಟರೆ ಅಲ್ಲೇ ನಿಂತು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ಕಂಪನಿ, ಯಾವ ವರ್ಗ ಎಲ್ಲ ಬರುತ್ತದೆ. ಒಮ್ಮೆ ಹೀಗೆ ಕೇಳಿದಾಗ ಒಬ್ಬರು ಕೊಟ್ಟ ನಂಬರ್ ಹಾಕಿದರೆ ಒಂದು ಸ್ಕೂಟರ್ ಬಂತು! ನಂಬರ್ ಕೊಡದಿದ್ದರೆ ಟೀ ಕುಡಿದು ಎದ್ದು ಬನ್ನಿ.

ಆರ್‌ಸಿ ಇಲ್ಲದ್ದನ್ನು ರೋಡಿಗೆ ತಂದರೆ 192ನೇ ಕಲಂ ಪ್ರಕಾರ ಮೊದಲ ಸಲ 2,000ದಿಂದ 5,000 ರೂಪಾಯಿವರೆಗೆ ದಂಡ. ಇನ್ಶೂರೆನ್ಸ್ ಇಲ್ಲದ್ದಕ್ಕೆ ಬೇರೆ 2,000. ಹುಡುಗರು ದಂಡಕ್ಕೆ ಹೆದರಲ್ಲ, ತಲಾ ಇಷ್ಟು ಅಂತ ಹಂಚಿಕೊಂಡು ಬಿಡುತ್ತಾರೆ. ಹೆದರಬೇಕಾದ್ದು ಬೇರೆ ಇದೆ. ಆರ್‌ಸಿ ಇಲ್ಲದಿದ್ದರೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಿಗುವುದಿಲ್ಲ. ಪಿ.ಬಿ. ರಸ್ತೆ ದಾಟುವಾಗ ಯಾರಿಗಾದರೂ ತಾಗಿತು ಅನ್ನಿ, ಪರಿಹಾರ ಓಡಿಸಿದವನ ಮನೆಯಿಂದಲೇ ಹೋಗಬೇಕು. ಹಳೇ ಬೈಕಿನ ನಂಬರ್ ಪ್ಲೇಟ್ ಕಿತ್ತು ಇದಕ್ಕೆ ಹಾಕುವ ಐಡಿಯಾ ಮಾತ್ರ ಕನಸಲ್ಲೂ ಬೇಡ. ಅದು ದಂಡಕ್ಕೆ ಮುಗಿಯುವ ವಿಷಯ ಅಲ್ಲ, ಪೊಲೀಸ್ ಕೇಸೇ ಆಗುತ್ತದೆ.

ಮೂರನೆಯದು: ಲೆಕ್ಕ

ರೋಡಲ್ಲಿ ಓಡಿಸೋಕೆ ಆಗದ ಗಾಡಿಯನ್ನು ಹೊಲಕ್ಕೆ ಹೇಗೆ ಒಯ್ತೀರಿ? ಇನ್ನೊಂದು ಗಾಡಿ ಮೇಲೆ. ನಮ್ಮ ಬೀದಿ ತುದಿಯಲ್ಲಿ ನಿಲ್ಲುವ ಟಾಟಾ ಏಸ್‌ನವರು ಬಾತಿ ದಾಟಿ ಹೋಗಿ ಬರೋಕೆ, ಕಾಯೋದೂ ಸೇರಿ, 1,400 ಕೇಳಿದರು. ತಿಂಗಳಿಗೆ ಎರಡು ಸಲ ಅಂದರೆ 2,800, ವರ್ಷಕ್ಕೆ 33,600. ಇದರಲ್ಲಿ ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ. ರೆಸಾರ್ಟ್‌ನಲ್ಲಿ ಒಂದು ಸುತ್ತಿಗೆ 300 ಕೊಟ್ಟು ಓಡಿಸಿದರೂ ಬರೀ ಈ ಸಾಗಾಟದ ದುಡ್ಡಿಗೆ 112 ಸುತ್ತು ಹೊಡೆಯಬಹುದು. ಗಾಡಿಯ ಬೆಲೆಯನ್ನು ನಾನಿನ್ನೂ ಲೆಕ್ಕಕ್ಕೇ ತಗೊಂಡಿಲ್ಲ.

ಸಾಲದ ವಿಷಯ ಒಂದೇ ಮಾತು. ವಾಹನ ಸಾಲವನ್ನು ಆರ್‌ಸಿಯಲ್ಲಿ ನಮೂದಿಸುತ್ತಾರೆ. ಆರ್‌ಸಿ ಇಲ್ಲದ್ದಕ್ಕೆ ಉಳಿಯುವುದು ಬಡ್ಡಿ ಜಾಸ್ತಿ ಇರುವ ಪರ್ಸನಲ್ ಲೋನ್. ಓದುವಾಗ ಅದಕ್ಕೆ ಕೈ ಹಾಕಬೇಡಿ.

ಪಾಲು ಹಾಕಿ ಕೊಳ್ಳುವುದಂತೂ ಬೇಡವೇ ಬೇಡ. ಬಿಲ್ ಒಬ್ಬನ ಹೆಸರಲ್ಲಿ, ದುಡ್ಡು ನಾಲ್ವರದ್ದು. ಫೈನಲ್ ಇಯರ್ ಮುಗಿದಾಗ ನಮ್ಮ ಹುಡುಗರಲ್ಲಿ ಎರಡು ಪಾರ್ಟಿ ಆಯ್ತು. ಕೊನೆಗೆ ಹೊಳಲ್ಕೆರೆ ಕಡೆಯ ಅಡಿಕೆ ತೋಟದವರೊಬ್ಬರು ಅರ್ಧ ಬೆಲೆಗೆ ತಗೊಂಡರು. ಒಯ್ಯೋಕೆ ಏಸ್ ಬಂತು. ಅದರ ಬಾಡಿಗೆಯನ್ನೂ ಹುಡುಗರೇ ಕೊಟ್ಟರು.

ನಾಲ್ಕನೆಯದು: ಓಡಿಸಿ ನೋಡಿ

ದುಡ್ಡು ಕೊಟ್ಟು ಮೂರು ಬೇರೆ ಬೇರೆ ದಿನ, ಒಂದೊಂದು ಗಂಟೆ ಓಡಿಸಿ. ಮೂರನೇ ದಿನವೂ ಆಸೆ ಹಾಗೇ ಇದ್ದರೆ ಮುಂದಿನ ಮಾತು.

ಬೈಕ್ ಬರುತ್ತೆ ಅಂತ ಇದೂ ಬರುತ್ತೆ ಅಂದುಕೊಳ್ಳಬೇಡಿ. ತಿರುವಿನಲ್ಲಿ ಬೈಕು ವಾಲುತ್ತದೆ, ಇದು ವಾಲುವುದಿಲ್ಲ. ನೀವೇ ಒಳಗಿನ ಕಡೆಗೆ ಸರಿದು ಭಾರ ಹಾಕಬೇಕು, ಇಲ್ಲದಿದ್ದರೆ ಮಗುಚುತ್ತದೆ. ಬೈಕಿನವರಿಗೆ ಗಾಬರಿಯಾದ ಕೂಡಲೇ ಕಾಲು ನೆಲಕ್ಕೆ ಊರುವ ಅಭ್ಯಾಸ. ಇಲ್ಲಿ ಊರಿದರೆ ಹಿಂದಿನ ಚಕ್ರ ಅದೇ ಕಾಲಿನ ಮೇಲೆ ಹತ್ತುತ್ತದೆ. ಸೀಟು ಉದ್ದ ಇರುವುದು ಹಿಂದೆ ಮುಂದೆ ಸರಿಯೋಕೆ, ಡಬ್ಬಲ್ಸ್ ಹೋಗೋಕಲ್ಲ. ತ್ರಿಬಲ್ಸ್ ಬಗ್ಗೆ ನಾನು ಮಾತಾಡುವುದೇ ಇಲ್ಲ.

ಅಂದ ಹಾಗೆ ಮೆಕ್ಯಾನಿಕಲ್ ಓದುವವರಿಗೆ ಇನ್ನೊಂದು ದಾರಿ ಇದೆ. ಬಾಹಾ ಎಸ್‌ಎಇ ಇಂಡಿಯಾ ಅಂತ ಸ್ಪರ್ಧೆ, 2007ರಿಂದ ನಡೆಯುತ್ತಿದೆ. ವಿದ್ಯಾರ್ಥಿಗಳೇ ಎಟಿವಿ ಕಟ್ಟಿ ಇಂದೋರ್ ಹತ್ತಿರದ ಪೀಥಂಪುರಕ್ಕೆ ಒಯ್ಯುತ್ತಾರೆ. ಕಾಲೇಜಿನಲ್ಲಿ ಟೀಮ್ ಇದ್ದರೆ ಸೇರಿ, ಇಲ್ಲದಿದ್ದರೆ ಕಟ್ಟಿ. ವೆಲ್ಡಿಂಗ್ ಕಲಿಯುತ್ತೀರಿ, ಓಡಿಸಲೂ ಸಿಗುತ್ತದೆ.

ಬರೀ ಮಣ್ಣಿನ ರೋಡಿನ ಹುಚ್ಚಾದರೆ, ಅದೇ ದುಡ್ಡಿಗೆ ಕಾಗದ ಸರಿ ಇರುವ ಸೆಕೆಂಡ್ ಹ್ಯಾಂಡ್ ಹೀರೋ ಎಕ್ಸ್‌ಪಲ್ಸ್ ಬೈಕ್ ಹುಡುಕಿ. ಫಾರಂ 29, 30 ಹಾಕಿ ಹೆಸರು ಬದಲಾಯಿಸಿಕೊಳ್ಳಿ. ಕಾಲೇಜಿಗೂ ಆಗುತ್ತದೆ, ದುರ್ಗದ ಗುಡ್ಡದ ಬದಿಯ ಕಚ್ಚಾ ರೋಡಿಗೂ ಆಗುತ್ತದೆ. ನನ್ನನ್ನು ಕೇಳಿದರೆ ಇದೇ ಸರಿ.

ಇಷ್ಟಾದ ಮೇಲೂ ಕೊಳ್ಳುವುದೇ ಆದರೆ

ನಿಮ್ಮ ತೋಟ ಇದೆ, ಶೆಡ್ ಇದೆ, ಮನೆಯವರು ಒಪ್ಪಿದ್ದಾರೆ. ಸರಿ.

ದಾರ ಎಳೆದು ಸ್ಟಾರ್ಟ್ ಮಾಡುವ 49 ಸಿಸಿಯ ಗಾಡಿಗಳನ್ನು ಮುಟ್ಟಬೇಡಿ. ಅವು ಮಕ್ಕಳ ಸೈಜಿನವು, ದೊಡ್ಡವರ ಭಾರಕ್ಕೆ ಮಾಡಿದವಲ್ಲ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ತರಿಸುವುದೂ ಬೇಡ. ಹಳೆಯದಾದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೋಗಿ, ನಿಮ್ಮ ಕಣ್ಣೆದುರೇ ಸ್ಟಾರ್ಟ್ ಮಾಡಿಸಿ. ರಿವರ್ಸ್ ಗೇರ್ ಬೀಳುತ್ತಾ ನೋಡಿ. ಮುಂಭಾಗ ಎತ್ತಿ ಚಕ್ರವನ್ನು ಎರಡೂ ಕೈಯಿಂದ ಅಲ್ಲಾಡಿಸಿ. ಲೊಡಲೊಡ ಅಂದರೆ ಬಾಲ್ ಜಾಯಿಂಟ್ ಹೋಗಿದೆ, ನಮ್ಮೂರಿನ ಅಂಗಡಿಯಲ್ಲಿ ಅದು ಸುಲಭಕ್ಕೆ ಸಿಗಲ್ಲ. ಟೈರಿನ ಸೈಜೂ ಬೈಕಿನದಲ್ಲ, 16x8-7 ಅಂತೆಲ್ಲ ಇಂಚಿನಲ್ಲಿ ಬರುತ್ತದೆ. ಕೊಳ್ಳುವ ದಿನವೇ ಒಂದು ಟೈರು ಹೆಚ್ಚಿಗೆ ಕೇಳಿ ತಗೊಳ್ಳಿ.

ಗಾಳಿಯ ವಿಷಯದಲ್ಲಿ ನಮ್ಮ ಹುಡುಗರು ಮಾಡಿದ್ದನ್ನು ನೀವು ಮಾಡಬೇಡಿ. ಬಂಕಿಗೆ ಒಯ್ದು ಬೈಕಿನ ಹಾಗೆ 30 ಪಿಎಸ್ಐ ತುಂಬಿಸಿದರು. ಗಾಡಿ ಚೆಂಡಿನ ಹಾಗೆ ಪುಟಿದು ಒಬ್ಬನ ಮೊಣಕೈ ತರಚಿತು. ಈ ಟೈರಿಗೆ ಬೇಕಾದ್ದು ಸುಮಾರು 3ರಿಂದ 7 ಪಿಎಸ್ಐ ಅಷ್ಟೇ, ಸರಿಯಾದ ಅಂಕಿ ಗಾಡಿಯ ಮ್ಯಾನುಯಲ್‌ನಲ್ಲೋ ಲೇಬಲ್ಲಿನಲ್ಲೋ ನೋಡಿ, ಟೈರಿನ ಬದಿಯಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಗರಿಷ್ಠ ಮಿತಿ. ಬಂಕಿನ ಮೀಟರ್ ಅಷ್ಟು ಕಡಿಮೆಯನ್ನು ಸರಿಯಾಗಿ ಹಿಡಿಯುವುದಿಲ್ಲ, ಕಡಿಮೆ ಒತ್ತಡ ತೋರಿಸುವ ಗೇಜ್ ಬೇರೆ ತಗೊಳ್ಳಿ. ನಮ್ಮ ಕಡೆಯ ಜಾಲಿ ಮುಳ್ಳಿಗೆ ಈ ಮೆತ್ತನೆ ಟೈರು ಹಬ್ಬದೂಟ. ಮೊದಲ ದಿನವೇ ಒಳಗೆ ಪಂಕ್ಚರ್ ದ್ರವ ಹಾಕಿಸಿ.

ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಮಾರುವ ಚಿಪ್ಪು ಬೇಡ.

ಊರಿಗೆ ಒಯ್ದ ದಿನ ಅಕ್ಕಪಕ್ಕದ ಮನೆಯ ಹುಡುಗರೆಲ್ಲ "ಅಣ್ಣಾ, ನಂಗೊಂದು ರೌಂಡು" ಅಂತ ಬರುತ್ತಾರೆ. ಚಿಕ್ಕವರಿಗೆ ಕೊಡಲೇಬೇಡಿ. ದೊಡ್ಡವರಿಗೆ ಕೊಡುವ ಮುಂಚೆ ಹೆಬ್ಬೆರಳಿನಲ್ಲಿ ಒತ್ತುವ ಥ್ರಾಟಲ್ ಪಕ್ಕ ಒಂದು ಸಣ್ಣ ಸ್ಕ್ರೂ ಇದೆಯಾ ನೋಡಿ, ಎಷ್ಟೋ ಗಾಡಿಗಳಲ್ಲಿ ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಥ್ರಾಟಲ್ ಪೂರ್ತಿ ಒತ್ತೋಕೆ ಆಗಲ್ಲ, ಗಾಡಿ ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ ಅಷ್ಟೇ. ಅವರು ಹೋದ ಮೇಲೆ ಸ್ಕ್ರೂ ಸಡಿಲ ಮಾಡಿಕೊಳ್ಳಿ.