ಮನೆ ಗ್ರೂಪಿಗೆ ಬಂದ ಸುಳ್ಳು ಮೆಸೇಜನ್ನು ಸರಿಪಡಿಸುವುದು ಹೇಗೆ?

‘ಒಬ್ಬರೇ ಇದ್ದಾಗ ಹೃದಯಾಘಾತವಾದರೆ ಜೋರಾಗಿ, ಬಿಡದೆ ಕೆಮ್ಮುತ್ತಿರಿ. ಈ ಮೆಸೇಜನ್ನು 10 ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.’ ಇಂಥದ್ದು ನಿಮ್ಮ ಮನೆಯ ವಾಟ್ಸ್‌ಆಪ್ ಗ್ರೂಪಿಗೂ ಬಂದಿರಬಹುದು. 1999ರ ಸುಮಾರಿಗೆ ಅಮೆರಿಕದಲ್ಲಿ ಇಮೇಲ್ ಆಗಿ ಓಡಾಡಿದ ಈ ಸಲಹೆ ಇನ್ನೂ ಸುತ್ತುತ್ತಲೇ ಇದೆ. ಸುಳ್ಳು ಅಂತ ಗೊತ್ತಿರುವವರೂ ಗ್ರೂಪಿನಲ್ಲಿ ಇರುತ್ತಾರೆ. ಆದರೆ ಸುಮ್ನೆ ಇದ್ದುಬಿಡುತ್ತಾರೆ. ಕಳಿಸಿದವರು ದೊಡ್ಡವರು, ಹೇಳಿದರೆ ಬೇಜಾರಾಗುತ್ತಾರೆ, ಹೇಳಿದರೂ ಒಪ್ಪಲ್ಲ ಅನ್ನುವ ಲೆಕ್ಕ.

ಈ ಲೆಕ್ಕದಲ್ಲಿ ಮೆಸೇಜ್ ಓದಿ ಏನೂ ಬರೆಯದ ಉಳಿದ ಜನ ಬಿಟ್ಟುಹೋಗಿದ್ದಾರೆ. ಅಮೆರಿಕದ ಸಂವಹನ ಸಂಶೋಧಕಿಯರಾದ ಲೆಟಿಷಿಯಾ ಬೋಡ್ ಮತ್ತು ಎಮಿಲಿ ವ್ರಾಗಾ ವರ್ಷಗಟ್ಟಲೆ ಗಮನಿಸಿದ್ದು ಇವರನ್ನೇ. ಜೀಕಾ ರೋಗಕ್ಕೆ ಕುಲಾಂತರಿ ಸೊಳ್ಳೆ ಕಾರಣ ಅನ್ನುವ ಸುಳ್ಳು ಸುದ್ದಿಯನ್ನು ಫೇಸ್‌ಬುಕ್ ಪುಟದ ಹಾಗೆ ಮಾಡಿ ಜನರಿಗೆ ತೋರಿಸಿದರು. ಕೆಲವರಿಗೆ ಅದರ ಕೆಳಗೆ ಬೇರೆಯವರು ಬರೆದ ತಿದ್ದುಪಡಿಯೂ ಕಂಡಿತು. ಅದನ್ನು ಸುಮ್ನೆ ನೋಡಿದವರಲ್ಲೇ ತಪ್ಪು ನಂಬಿಕೆ ಕಡಿಮೆಯಾಯಿತು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಅಂದರೆ ನೀವು ಬರೆಯುವ ನಾಲ್ಕು ಸಾಲು ಕೆಲಸ ಮಾಡುವುದು ಜಾಸ್ತಿ ಈ ಮೌನ ಓದುಗರ ಮೇಲೆ. ಕೆಳಗಿನ ಹೆಜ್ಜೆಗಳನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

1. ಯಾವುದಕ್ಕೆ ಉತ್ತರ ಕೊಡಬೇಕು?

ಎಲ್ಲಕ್ಕೂ ಬೇಡ. ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಶ್ರೇಷ್ಠ ಅಂತ ಯುನೆಸ್ಕೋ ಘೋಷಿಸಿದೆ ಅನ್ನುವುದೂ ಸುಳ್ಳೇ, ಆದರೆ ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಆರೋಗ್ಯ, ದುಡ್ಡು, ಯಾರದೋ ಮೇಲೆ ಜನರನ್ನು ಎತ್ತಿಕಟ್ಟುವ ಮಾತು, ಈ ಮೂರನ್ನು ಮಾತ್ರ ಬಿಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸ್‌ಆಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಇಂಥ ಮೆಸೇಜ್ ಬಂದಾಗ ಯಾರಾದರೂ ಹೇಳಲಿ ಅಂತ ಕಾಯಬಾರದು. ಮೊದಲು ಪೊಲೀಸ್ ಠಾಣೆಗೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ಗ್ರೂಪಿನಲ್ಲಿ ಬರೆಯಿರಿ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದೆಯಾ ನೋಡಿ. ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದಿದೆ ಎಂದರ್ಥ. ಅಷ್ಟಕ್ಕೇ ಸುಳ್ಳು ಅನ್ನುವ ಹಾಗಿಲ್ಲ. ಕಳಿಸಿದವರು ಬರೆದದ್ದಲ್ಲ ಅನ್ನುವುದಂತೂ ಖಚಿತ.

2. ಮೆಸೇಜ್ ಬಿಟ್ಟು ಹೊರಗೆ ಹುಡುಕಿ

ಮೆಸೇಜನ್ನೇ ಹತ್ತು ಸಲ ಓದಿದರೆ ನಿಜ ಗೊತ್ತಾಗುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸ ವಿದ್ವಾಂಸರು, ಸುದ್ದಿ ನಿಜವೋ ಸುಳ್ಳೋ ಅಂತ ಪರಿಶೀಲಿಸುವ 10 ಫ್ಯಾಕ್ಟ್‌ಚೆಕರ್‌ಗಳು ಮತ್ತು 25 ವಿದ್ಯಾರ್ಥಿಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ ಇದನ್ನೇ ಪರೀಕ್ಷಿಸಿದರು. ವಿದ್ವಾಂಸರೂ ವಿದ್ಯಾರ್ಥಿಗಳೂ ಅದೇ ಪುಟದಲ್ಲಿ ಮೇಲೆ ಕೆಳಗೆ ಓದುತ್ತಾ ಕೂತು, ಚೆಂದದ ಲೋಗೋ ನೋಡಿ ಎಷ್ಟೋ ಸಲ ಮೋಸ ಹೋದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಬೇಗನೆ ಪುಟ ಬಿಟ್ಟು, ಬೇರೆ ಟ್ಯಾಬ್ ತೆರೆದು, ಇದರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು.

ನೀವೂ ಹಾಗೇ ಮಾಡಿ. ಮೆಸೇಜಿನ ಮುಖ್ಯ ಮಾತನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ. ಕೆಮ್ಮಿನ ವಿಷಯ ಹುಡುಕಿದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇದನ್ನು ಒಪ್ಪಿಲ್ಲ ಅನ್ನುವುದು ಸಿಗುತ್ತದೆ. ವದಂತಿ ಎಲ್ಲಿಂದ ಹುಟ್ಟಿರಬಹುದು ಅನ್ನುವ ಸುಳಿವೂ ಅಲ್ಲೇ ಇದೆ. ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರೇ ಎದೆಬಡಿತ ಇದ್ದಕ್ಕಿದ್ದಂತೆ ತಪ್ಪಿದಾಗ, ಎಚ್ಚರ ಇರುವ ರೋಗಿಗೆ ಕೆಲವು ಕ್ಷಣ ಕೆಮ್ಮಲು ಹೇಳುವುದುಂಟು. ಮನೆಯಲ್ಲಿ ಒಬ್ಬರೇ ಇರುವವರಿಗೆ ಅದು ಚಿಕಿತ್ಸೆಯಲ್ಲ.

3. ನಿಜದಿಂದ ಶುರು ಮಾಡಿ ಬರೆಯಿರಿ

ಇಲ್ಲಿ ಸ್ವಲ್ಪ ಹೊತ್ತು ಕೊಡಿ. 1977ರಲ್ಲಿ ಮನೋವಿಜ್ಞಾನಿ ಲಿನ್ ಹ್ಯಾಷರ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಒಂದು ಸಂಗತಿ ಇದೆ: ಒಂದು ಮಾತನ್ನು ಮತ್ತೆ ಮತ್ತೆ ಕೇಳಿದರೆ ಅದು ನಿಜ ಅನ್ನಿಸತೊಡಗುತ್ತದೆ. ಹಾಗಾಗಿ ಸುಳ್ಳನ್ನೇ ತಲೆಬರಹ ಮಾಡಬೇಡಿ. ಏನು ಮಾಡಬೇಕು ಅನ್ನುವುದನ್ನು ಮೊದಲು ಹೇಳಿ. ಸುಳ್ಳನ್ನು ಒಂದೇ ಒಂದು ಸಲ ಹೆಸರಿಸಿ, ಯಾಕೆ ತಪ್ಪು ಅಂತ ಬರೆದು, ಕೊನೆಗೆ ಮತ್ತೆ ನಿಜಕ್ಕೇ ಬನ್ನಿ. ಹೀಗೆ ಬರೆಯಬಹುದು:

‘ಚಿಕ್ಕಪ್ಪ, ಎದೆನೋವು ಬಂದ ತಕ್ಷಣ 108ಕ್ಕೆ ಫೋನ್ ಮಾಡಬೇಕು. ಓಡಾಡದೆ ಕೂತ್ಕೊಂಡು ಪಕ್ಕದ ಮನೆಯವರನ್ನ ಕರೀಬೇಕು. ಕೆಮ್ಮಿದರೆ ಹೃದಯಾಘಾತ ನಿಲ್ಲಲ್ಲ, ಹೃದ್ರೋಗ ತಜ್ಞರು ಇದನ್ನ ಒಪ್ಪಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಪಕ್ಕದಲ್ಲಿದ್ದಾಗ ಮಾಡಿಸೋದು ಹೀಗೆ ಬದಲಾಗಿ ಬಂದಿದೆ. ಕೆಮ್ಮುತ್ತಾ ಕೂತರೆ ಟೈಮ್ ಹೋಗುತ್ತೆ. ಎಲ್ಲರೂ 108 ನೆನಪಿಟ್ಕೊಳ್ಳಿ.’

ಇದರಲ್ಲಿ ಚಿಕ್ಕಪ್ಪ ತಪ್ಪು ಮಾಡಿದರು ಅನ್ನುವ ಮಾತೇ ಇಲ್ಲ. ಅವರು ಕಳಿಸಿದ್ದು ನಿಮ್ಮೆಲ್ಲರ ಮೇಲಿನ ಕಾಳಜಿಯಿಂದ. ಅದನ್ನು ಮರೆತು ‘ನೋಡದೆ ಯಾಕೆ ಫಾರ್ವರ್ಡ್ ಮಾಡ್ತೀರಾ’ ಅಂದರೆ ಚರ್ಚೆ ಹೃದಯಾಘಾತ ಬಿಟ್ಟು ಮರ್ಯಾದೆಯ ಕಡೆ ಹೋಗುತ್ತದೆ.

ಲಿಂಕ್ ಹಾಕಬೇಕಾ? ಬೋಡ್ ಮತ್ತು ವ್ರಾಗಾ ಅಮೆರಿಕದಲ್ಲಿ ನೋಡಿದಾಗ, ಸಾಮಾನ್ಯ ಜನ ಮಾಡಿದ ತಿದ್ದುಪಡಿ ಕೆಲಸ ಮಾಡಿದ್ದು ಮೂಲ ತೋರಿಸಿದಾಗ. ಭಾರತದಲ್ಲಿ ಸಂಶೋಧಕರಾದ ಸುಮಿತ್ರಾ ಬದರಿನಾಥನ್ ಮತ್ತು ಸೈಮನ್ ಶೋಶಾರ್ ನಡೆಸಿದ ಪ್ರಯೋಗದಲ್ಲಿ ಮೂಲವಿಲ್ಲದ, ‘ಇದು ನಿಜ ಅಲ್ಲ ಅನ್ಸುತ್ತೆ’ ಅನ್ನುವಂಥ ಸಣ್ಣ ಮಾತೂ ನಂಬಿಕೆಯನ್ನು ಇಳಿಸಿತು. ಲಿಂಕ್ ಸಿಕ್ಕರೆ ಹಾಕಿ. ಸಿಗಲಿಲ್ಲ ಅಂತ ಬಾಯಿ ಮುಚ್ಚಿಕೊಳ್ಳಬೇಡಿ.

4. ಇನ್ನೊಬ್ಬರನ್ನು ಜೊತೆಗೆ ಕರೆಯಿರಿ

ಅತ್ತಿಗೆಯೋ ಅಣ್ಣನೋ, ಒಬ್ಬರಿಗೆ ಮೊದಲೇ ಹೇಳಿಟ್ಟು ‘ಹೌದು, ನಾನೂ ಓದಿದೆ’ ಅಂತ ಬರೆಯಲು ಕೇಳಿ. ಗ್ರೂಪಿನಲ್ಲಿ ಡಾಕ್ಟರೋ ನರ್ಸೋ ಇದ್ದರೆ ಅವರೇ ಹೇಳಲಿ.

5. ಒಂದು ಸಲ ಹೇಳಿ, ವಾದಕ್ಕೆ ಇಳಿಯಬೇಡಿ

ರಾಜಕೀಯದ ಮೆಸೇಜುಗಳಲ್ಲಿ ನಿರೀಕ್ಷೆ ಕಡಿಮೆ ಇರಲಿ. ಬದರಿನಾಥನ್ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಬಿಹಾರದಲ್ಲಿ ಮನೆಮನೆಗೆ ಜನ ಕಳಿಸಿ, ಸುಳ್ಳು ಸುದ್ದಿ ಗುರುತಿಸುವ ಪಾಠವನ್ನು ಸುಮಾರು ಒಂದು ಗಂಟೆ ಹೇಳಿಸಿದ್ದರು. ಆಮೇಲೆ ಪರೀಕ್ಷಿಸಿದಾಗ ಒಟ್ಟಾರೆ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಪಕ್ಷದ ಅಭಿಮಾನ ಅಷ್ಟು ಗಟ್ಟಿ. ಅಲ್ಲಿ ಮೌನ ಓದುಗರಿಗಾಗಿ ಒಂದು ಸಾಲು ಬರೆದು ನಿಲ್ಲಿಸಿ.

6. ಕಳಿಸಿದವರಿಗೆ ಫೋನ್ ಮಾಡಿ

ಪ್ರತ್ಯೇಕವಾಗಿ ಹೇಳಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಚಿಕ್ಕಪ್ಪನಿಗೆ ಗೊತ್ತಾಗುತ್ತದೆ, ಓದಿದ ಉಳಿದವರಿಗೆ ಗೊತ್ತಾಗುವುದಿಲ್ಲ. ಆದರೆ ಗ್ರೂಪಿನಲ್ಲಿ ಬರೆಯುವ ಮೊದಲು ಒಂದು ಫೋನ್ ಮಾಡಿದರೆ ಅವರ ಮರ್ಯಾದೆ ಉಳಿಯುತ್ತದೆ. ಆಗ ಜಾಸ್ತಿ ಜನ ‘ಸರಿ, ಡಿಲೀಟ್ ಮಾಡ್ತೀನಿ ಬಿಡು’ ಅನ್ನುತ್ತಾರೆ. ಕಳಿಸಿ ಎರಡು ದಿನದೊಳಗಾದರೆ ಎಲ್ಲರ ಫೋನಿನಿಂದಲೂ ಅಳಿಸಬಹುದು. ಆದರೆ ಅಷ್ಟರಲ್ಲಿ ಓದಿದವರ ತಲೆಯಲ್ಲಿ ಕೆಮ್ಮು ಉಳಿದಿರುತ್ತದೆ, ಅಲ್ವಾ? ಆದ್ದರಿಂದ ಅಳಿಸಿದ ಮೇಲೆ ‘ಆ ಮೆಸೇಜ್ ಸರಿ ಇಲ್ಲ, ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ’ ಅಂತ ನೀವೇ ಒಂದು ಸಾಲು ಬರೆದುಬಿಡಿ ಚಿಕ್ಕಪ್ಪ, ಅಂತ ಕೇಳಿಕೊಳ್ಳಿ. ಅವರು ಒಪ್ಪಿದರೆ ನೀವು ಬೇರೆ ಬರೆಯಬೇಕಾಗಿಲ್ಲ. ಒಪ್ಪದಿದ್ದರೆ ಮೂರನೇ ಹೆಜ್ಜೆಯಲ್ಲಿ ಬರೆದಿಟ್ಟದ್ದನ್ನು ಕಳಿಸಿ.