ಅಲ್ಜೈಮರ್ಸ್‌ಗೆ ಇಇಜಿ: ತೂಕಡಿಕೆ ಜೊತೆ ನನ್ನ ಗುದ್ದಾಟ

ಇಇಜಿ ತೆಗೆಯೋದು, ಅಂದ್ರೆ ತಲೆಗೆ ವೈರು ಅಂಟಿಸಿ ಮಿದುಳಿನ ವಿದ್ಯುತ್ ಅಲೆ ದಾಖಲಿಸೋದು, ನನ್ನ ಕೆಲಸ. ಬರ್ತಿದ್ದಿದ್ದೆಲ್ಲಾ ಹೆಚ್ಚಾಗಿ ಫಿಟ್ಸ್ ಕೇಸುಗಳೇ. ಆಮೇಲೆ ಡಾಕ್ಟ್ರು ಮರೆವಿರೋ ವಯಸ್ಸಾದವರನ್ನೂ ಕಳಿಸೋಕೆ ಶುರು ಮಾಡಿದ್ರು, ಅಲ್ಜೈಮರ್ಸ್ ಅನುಮಾನ, ಬ್ಯಾಕ್‌ಗ್ರೌಂಡ್ (ಮಿದುಳಿನ ಅಲೆಗಳ ಮಾಮೂಲಿ ಲಯ) ಹೇಗಿದೆ ನೋಡಿ ಅಂತ ಚೀಟಿಲಿ ಬರೆದು. ಇದೇನು ಮಹಾ, ಫಿಟ್ಸ್‌ನ ಸುಳಿವು ಕೊಡೋ ಚೂಪು ಸ್ಪೈಕ್ ಹುಡುಕೋ ತಲೆನೋವಿಲ್ಲ, ಅಲೆ ನಿಧಾನ ಆಗಿದ್ಯಾ ಇಲ್ವಾ ನೋಡಿದ್ರೆ ಆಯ್ತು ಅಂದ್ಕೊಂಡೆ. ಮೊದಲನೇ ತಿಂಗಳಲ್ಲೇ ಮುಖಭಂಗ ಆಯ್ತು.

ಎಚ್ಚರವಾಗಿದ್ದು ಕಣ್ಣು ಮುಚ್ಚಿ ಆರಾಮಾಗಿ ಕೂತವರ ತಲೆ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯೋ ಅಲೆ ಕಾಣುತ್ತೆ, ಅದೇ ಆಲ್ಫಾ, ಕಣ್ಣು ಬಿಟ್ಟ ತಕ್ಷಣ ಅಡಗಿಬಿಡುತ್ತೆ. ಅಲ್ಜೈಮರ್ಸ್‌ನಲ್ಲಿ ಅಸೆಟೈಲ್‌ಕೋಲಿನ್ ಅನ್ನೋ, ನರಕೋಶಗಳ ನಡುವೆ ಸಂದೇಶ ಸಾಗಿಸೋ ರಾಸಾಯನಿಕ ಒದಗಿಸೋ ಕೋಶಗಳು ಸಾಯ್ತಾ ಹೋಗ್ತವೆ, ಕೋಶಗಳ ನಡುವಿನ ಕೊಂಡಿಗಳೂ ಕಳಚ್ತವೆ, ಅದರ ಪರಿಣಾಮ ಸಾಮಾನ್ಯವಾಗಿ ಮೊದಲು 4ರಿಂದ 8 ಹರ್ಟ್ಜ್‌ನ (ಸೆಕೆಂಡಿಗೆ ಅಷ್ಟು ಸಲ ಏರಿಳಿಯೋ) ಥೀಟಾ ಜಾಸ್ತಿ ಆಗುತ್ತೆ, ಆಮೇಲೆ ಆಲ್ಫಾ, ಅದಕ್ಕಿಂತ ವೇಗದ ಬೀಟಾ ಎರಡೂ ಇಳಿಯುತ್ತೆ, ಕಾಯಿಲೆ ಬಲಿತ ಮೇಲೆ 4ಕ್ಕಿಂತ ಕೆಳಗಿನ ಡೆಲ್ಟಾ ಬಂದು ಕೂರುತ್ತೆ. ತೊಂದರೆ ಏನಂದ್ರೆ, ಏನೂ ಕಾಯಿಲೆ ಇಲ್ಲದವರು ಕೂತಲ್ಲೇ ತೂಕಡಿಸಿದ್ರೂ ಆಲ್ಫಾ ಮಾಯ ಆಗಿ ಥೀಟಾ ಬರುತ್ತೆ.

ನಾನು ಎಡವಿದ್ದೇ ಇಲ್ಲಿ. ಒಬ್ಬರು ಅಜ್ಜಿ, ಇಪ್ಪತ್ತು ನಿಮಿಷದ ರೆಕಾರ್ಡಿಂಗ್, ತುಂಬಾ ಥೀಟಾ. ಬ್ಯಾಕ್‌ಗ್ರೌಂಡ್ ನಿಧಾನವಾಗಿದೆ ಅಂತ ಗುರುತು ಹಾಕಿ ಕಳಿಸಿದೆ. ನಮ್ಮ ಸೀನಿಯರ್ ಮೇಡಂ ಪರದೆ ನೋಡ್ತಾ ಒಂದೇ ಮಾತು ಕೇಳಿದ್ರು, "ಇವರು ಎಚ್ಚರ ಇದ್ರೇನ್ರೀ?" ಹಣೆಯ ಎರಡೂ ಪಕ್ಕದ ಎಲೆಕ್ಟ್ರೋಡ್‌ಗಳನ್ನ ತೋರಿಸಿದ್ರು, ಎಡಗಡೆ ಗೆರೆ ಮೇಲಕ್ಕೆ ಹೋದಾಗ ಬಲಗಡೆದು ಕೆಳಕ್ಕೆ, ಎರಡು ಮೂರು ಸೆಕೆಂಡಿಗೊಂದು ಸಲ, ತೊಟ್ಟಿಲು ತೂಗಿದ ಹಾಗೆ. ನಿದ್ದೆಗೆ ಜಾರೋವಾಗ ಕಣ್ಣುಗುಡ್ಡೆ ಅತ್ತಿತ್ತ ನಿಧಾನಕ್ಕೆ ಹೊರಳೋದು ಅದು. ಮಗಳನ್ನ ವಿಚಾರಿಸಿದ್ರೆ ಹಿಂದಿನ ರಾತ್ರಿ ಅಲರ್ಜಿಗೆ ಅಂತ ಮಂಪರು ಬರೋ ಮಾತ್ರೆ ಕೊಟ್ಟಿದ್ರಂತೆ. ಮಾತ್ರೆ ಇಲ್ಲದೆ ಇನ್ನೊಂದು ದಿನ ಬೆಳಿಗ್ಗೆ ತೆಗೆದ್ರೆ ಲಕ್ಷಣವಾಗಿ 9 ಹರ್ಟ್ಜ್ ಆಲ್ಫಾ. ಆ ಪ್ರಿಂಟ್‌ಔಟ್ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ.

ಅವತ್ತಿಂದ ಮೆಷಿನ್ ಆನ್ ಮಾಡೋಕೆ ಮುಂಚೆ ಮಾತ್ರೆಗಳ ಪಟ್ಟಿ, ರಾತ್ರಿ ಎಷ್ಟು ನಿದ್ದೆ ಆಯ್ತು, ಕಿವಿ ಹೇಗೆ ಕೇಳುತ್ತೆ, ಮೂರೂ ಬರ್ಕೋತೀನಿ. ನಿದ್ದೆ ಮಾತ್ರೆ ಕೆಲವು ಬೀಟಾ ಏರಿಸ್ತವೆ, ಮೂತ್ರ ತಡಿಯೋಕಾಗದೆ ಇರೋರಿಗೆ ಕೊಡೋ ಕೆಲವು ಮಾತ್ರೆ ಅಸೆಟೈಲ್‌ಕೋಲಿನ್‌ಗೇ ಅಡ್ಡಗಾಲು ಹಾಕೋ ಜಾತಿ, ಹಾಗಾಗಿ ಅಲೆ ನೋಡಿ ಮೋಸ ಹೋಗ್ಬಾರ್ದು. ಮಾತ್ರೆ ನಿಲ್ಲಿಸೋದು ಬಿಡೋದು ಡಾಕ್ಟ್ರು ಹೇಳ್ಬೇಕು, ನಾವಲ್ಲ. ಎಲೆಕ್ಟ್ರೋಡ್ ಎಲ್ಲಾ ತಲೆ ಅಳೆದು ಜಾಗ ಗುರುತಿಸೋ ಮಾಮೂಲಿ 10-20 ಲೆಕ್ಕದಲ್ಲೇ, ಇಂಪೀಡೆನ್ಸ್ (ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್ ಒಳಗೆ ತರ್ತೀನಿ, ವಯಸ್ಸಾದವರ ಚರ್ಮ ತೆಳು, ಜೋರಾಗಿ ಉಜ್ಜಿದ್ರೆ ಕಿತ್ತೇ ಬರುತ್ತೆ, ಸ್ವಲ್ಪ ತಾಳ್ಮೆ ಬೇಕು. ಬೆವರಿದ್ರೂ ಡೆಲ್ಟಾ ಥರ ನಿಧಾನದ ಅಲೆ ಬರುತ್ತೆ, ರೂಮು ತಣ್ಣಗಿರಲಿ.

ಎಚ್ಚರ ಇಡೋದು ಹೇಗೆ ಅನ್ನೋದೇ ದೊಡ್ಡ ವಿದ್ಯೆ. ಮೊದಮೊದಲು 100ರಿಂದ 7 ಕಳೀತಾ ಹೋಗಿ ಅಂತಿದ್ದೆ, ತಪ್ಪು, ಆ ಲೆಕ್ಕ ಬರದೇ ಅಲ್ವಾ ಅವರು ಬಂದಿರೋದು, ಕಂಗಾಲಾಗಿ ಹಲ್ಲು ಕಚ್ಚಿದ್ರೆ ಪರದೆ ತುಂಬಾ ಮಾಂಸಖಂಡದ ಗಲೀಜು. ಈಗ ಇಪ್ಪತ್ತು ಸೆಕೆಂಡ್ ಕಣ್ಣು ಮುಚ್ಚಿಸ್ತೀನಿ, ಹತ್ತು ಸೆಕೆಂಡ್ ಬಿಡಿಸ್ತೀನಿ, ಮತ್ತೆ ಮುಚ್ಚಿಸ್ತೀನಿ, ಪ್ರತಿ ಸಲ ಹೆಸರು ಹಿಡಿದು ಕರೆದು.

ಹೀಗೆ ತೆಗೆದವರಲ್ಲಿ ಒಬ್ಬರು ಹಿರಿಯರು ನೆನಪಲ್ಲಿ ಉಳಿದಿದ್ದಾರೆ. ಕಣ್ಣು ಮುಚ್ಚಿ ಸಾರ್ ಅಂದ್ರೆ ಮುಚ್ಚೋರು, ಐದು ಸೆಕೆಂಡಿಗೆ ಮುಚ್ಚಿದ್ದೇ ಮರೆತು ಬಿಡೋರು. ಕೊನೆಗೆ ಮೆತ್ತನೆ ಬಟ್ಟೆ ಮಡಿಸಿ ಕಣ್ಣಿನ ಮೇಲಿಟ್ಟೆ, ಹೆಂಡತಿ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ್ರು. "ತಲೆ ಮೇಲೆ ಇದೇನಪ್ಪಾ ವೈರು?" ಅಂತ ಕೇಳೋರು, ಹೇಳ್ತಿದ್ದೆ, ಸರಿ ಅನ್ನೋರು, ಸ್ವಲ್ಪ ಹೊತ್ತಿಗೆ ಮತ್ತದೇ. ಕೇಳಿದಾಗಲೆಲ್ಲಾ ರೆಕಾರ್ಡ್‌ನಲ್ಲಿ ಗುರುತು ಒತ್ತಿದೆ, 25 ನಿಮಿಷದಲ್ಲಿ ಏಳು ಗುರುತು. ಒಂದು ಉಪಕಾರ ಆಯ್ತು, ಪ್ರಶ್ನೆ ಮುಗಿದ ಕೂಡಲೇ ಬರೋ ತುಣುಕಲ್ಲಿ ಅವರು ಖಂಡಿತ ಎಚ್ಚರ. ಅಂಥ ಎರಡೆರಡು ಸೆಕೆಂಡಿನ ತುಣುಕುಗಳನ್ನ ಕೈಯಾರೆ ಆರಿಸಿ ಸ್ಪೆಕ್ಟ್ರಮ್ ತೆಗೆದೆ, ಅಂದ್ರೆ ಯಾವ ವೇಗದ ಅಲೆ ಎಷ್ಟಿದೆ ಅನ್ನೋ ನಕ್ಷೆ. ಎರಡು ಸೆಕೆಂಡ್ ತಗೊಂಡ್ರೆ ಅರ್ಧ ಹರ್ಟ್ಜ್‌ವರೆಗೆ ಬಿಡಿಸಿ ನೋಡ್ಬಹುದು. ಶಿಖರ ಇದ್ದಿದ್ದು 7.5ರಲ್ಲಿ, ಕಣ್ಣು ಬಿಟ್ರೂ ಹೆಚ್ಚೇನೂ ಕುಗ್ಲಿಲ್ಲ. ತೂಕಡಿಕೆ ಅಂತ ತಳ್ಳಿಹಾಕೋ ಹಾಗಿರ್ಲಿಲ್ಲ.

ಪಿ300 ಕೂಡಾ ಪ್ರಯತ್ನಪಟ್ಟೆ. ಒಂದೇ ಥರ ಬೀಪ್ ಕೇಳಿಸ್ತಾ ಮಧ್ಯೆ ಅಪರೂಪಕ್ಕೆ ಬೇರೆ ಬೀಪ್ ಬಂದಾಗ ಎಣಿಸ್ಬೇಕು, ಸುಮಾರು 300 ಮಿಲಿಸೆಕೆಂಡಿಗೆ ಮಿದುಳಲ್ಲಿ ಒಂದು ಅಲೆ ಏಳುತ್ತೆ, ಅಲ್ಜೈಮರ್ಸ್‌ನಲ್ಲಿ ಅದು ತಡ ಆಗುತ್ತೆ. ಪುಸ್ತಕದಲ್ಲಿ ಚೆನ್ನಾಗಿದೆ. ಇವರು ಯಾವ ಬೀಪ್ ಎಣಿಸ್ಬೇಕು ಅನ್ನೋದನ್ನೇ ಅರ್ಧಕ್ಕೆ ಮರೆತ್ರು, ಇನ್ನು ಅಲೆ ಬರ್ಲಿಲ್ಲ ಅಂದ್ರೆ ಏನಂತ ಅರ್ಥ ಮಾಡ್ಕೊಳ್ಳೋದು? ಬಿಟ್ಟೆ.

ಮನೆಯವರು ಹೊರಗೆ ಕಾಯ್ತಿರ್ತಾರೆ, "ಅದೇ ಕಾಯಿಲೆನಾ?" ಅಂತಾರೆ. ಇಇಜಿ ಆ ಹೆಸರು ಹೇಳಲ್ಲ. ಥೈರಾಯ್ಡ್ ಕಮ್ಮಿ ಆದ್ರೂ, ಬಿ12 ಕಮ್ಮಿ ಆದ್ರೂ, ಲಿವರ್ ಕೆಟ್ರೂ, ಲೂಯಿ ಬಾಡಿ ಅನ್ನೋ ಇನ್ನೊಂದು ಥರದ ಮರೆವಿನ ಕಾಯಿಲೆಲೂ ಅಲೆ ನಿಧಾನ ಆಗುತ್ತೆ, ಅಲ್ಜೈಮರ್ಸ್ ಶುರುವಲ್ಲಿ ಪೂರ್ತಿ ನಾರ್ಮಲ್ ಇರಲೂಬಹುದು. ಅಲ್ಜೈಮರ್ಸ್‌ನಲ್ಲಿ ಮಿದುಳಲ್ಲಿ ಕೂಡಿಕೊಳ್ಳೋ ಅಮಿಲಾಯ್ಡ್ ಅನ್ನೋ ಪ್ರೋಟೀನ್ ನೋಡೋಕೆ ಪೆಟ್ ಸ್ಕ್ಯಾನೋ ಬೆನ್ನುಹುರಿ ನೀರಿನ ಪರೀಕ್ಷೆನೋ ಬೇಕು, ಈಗೀಗ ಸುಳಿವು ಕೊಡೋ ರಕ್ತ ಪರೀಕ್ಷೆಗಳೂ ಬಂದಿವೆ. ಆದ್ರೆ ಮರೆವಿನ ವೇಷದಲ್ಲಿ ಫಿಟ್ಸ್ ಬಂದಿದ್ರೆ, ಅಥವಾ ವಾರವಾರಕ್ಕೂ ಹದಗೆಡೋ ಕ್ರಾಯ್ಟ್ಜ್‌ಫೆಲ್ಟ್ ಯಾಕೋಬ್ ಕಾಯಿಲೆ ಆಗಿದ್ರೆ, ಇಇಜಿ ಸುಳಿವು ಕೊಡಬಹುದು. ಇನ್ನೊಂದು ಉಪಯೋಗ, ಅವರದೇ ಹಳೇ ರೆಕಾರ್ಡ್ ಜೊತೆ ಹೋಲಿಸಿ ನೋಡೋದು.

ಆ ಹಿರಿಯರು ಒಂದು ವರ್ಷ ಬಿಟ್ಟು ಮತ್ತೆ ಬಂದ್ರು. ಅದೇ ಹೊತ್ತು, ಅದೇ ಮಾತ್ರೆಗಳು, ಅದೇ ಬಟ್ಟೆ ಕಣ್ಣಿನ ಮೇಲೆ. ಶಿಖರ 6.5ಕ್ಕೆ ಇಳಿದಿತ್ತು. ವೈರ್ ಬಗ್ಗೆ ಈ ಸಲ ಒಂದೇ ಸಲ ಕೇಳಿದ್ರು, ಎಚ್ಚರದ ತುಣುಕು ಆರಿಸೋಕೆ ನನಗೆ ಜಾಸ್ತಿ ಹೊತ್ತು ಹಿಡೀತು.