ಹರಿದ ಹಾಯಿಗೆ ತೇಪೆ ಹಾಕುವುದು

ಕೋಡಿ ಬೆಂಗ್ರೆಯಲ್ಲಿ, ಸ್ವರ್ಣಾ ನದಿ ಕಡಲು ಸೇರುವ ಕಡೆ, ನನ್ನ ಪುಟ್ಟ ಹಾಯಿದೋಣಿ ನಿಂತಿರುತ್ತದೆ. ಮೊನ್ನೆ ದಕ್ಕೆಯ ಕಂಬದಲ್ಲಿದ್ದ ಮೊಳೆಗೆ ಸಿಕ್ಕಿ ಹಾಯಿ ಒಂದು ಗೇಣು ಹರಿಯಿತು.

ತಕ್ಷಣ ಟೇಪ್ ಅಂಟಿಸಲು ಹೋಗಬೇಡಿ. ಉಪ್ಪು ಕೂತ ಬಟ್ಟೆಗೆ ಅಂಟು ಹಿಡಿಯುವುದಿಲ್ಲ. ಸಿಹಿನೀರಲ್ಲಿ ಎರಡು ಸಲ ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ಹರಿದ ಅಂಚನ್ನು ಕೈಯಲ್ಲಿ ಮೆಲ್ಲಗೆ ಎಳೆದು ನೋಡಿ. ಕಾಗದದ ಹಾಗೆ ಹರಿಯುತ್ತಾ ಹೋದರೆ ಬಿಸಿಲು ಬಟ್ಟೆಯನ್ನು ತಿಂದಿದೆ ಅಂತ ಅರ್ಥ. ಅದಕ್ಕೆ ತೇಪೆ ಹಾಕುವುದು ಸುಮ್ನೆ ದಂಡ.

ಹಾಯಿಯನ್ನು ಜಗಲಿಯ ಮೇಲೆ ಸಪಾಟಾಗಿ ಹಾಸಿ. ಎರಡೂ ಅಂಚು ಒಂದಕ್ಕೊಂದು ಮುಟ್ಟಬೇಕು, ಒಂದರ ಮೇಲೊಂದು ಬರಬಾರದು. ನಾನು ಮೊದಲ ಸಲ ಇಲ್ಲೇ ಎಡವಿದ್ದೆ. ಹಾಯಿ ಸುಕ್ಕುಗಟ್ಟಿ ಗಾಳಿಯನ್ನೇ ಸರಿಯಾಗಿ ಹಿಡಿಯಲಿಲ್ಲ.

ತೇಪೆಗೂ ಹಾಯಿಯದೇ ಬಟ್ಟೆ ಬೇಕು, ಅಂದರೆ ಡೆಕ್ರಾನ್ ಎನ್ನುವ ಪಾಲಿಯೆಸ್ಟರ್ ಬಟ್ಟೆ. ಹರಿದ ಜಾಗಕ್ಕಿಂತ ಸುತ್ತಲೂ 5 ಸೆಂಟಿಮೀಟರ್ ಜಾಸ್ತಿ ಇರಲಿ. ನೇಯ್ಗೆಯ ಎಳೆಗಳು ಹಾಯಿಯ ಎಳೆಗಳ ದಿಕ್ಕಿಗೇ ಕೂರಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಏಳುತ್ತದೆ. ಎರಡೂ ಕಡೆ ಅಂಟುವ ಟೇಪಿನಿಂದ ಕೂರಿಸಿ, ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ.

ಇನ್ನು ಹೊಲಿಗೆ. ಅಮ್ಮ ಗೋಣಿ ಹೊಲಿಯುವ ದಬ್ಬಣ ತಂದುಕೊಟ್ಟರು! ಅದು ಬೇಡ, ತೂತು ದೊಡ್ಡದಾಗುತ್ತದೆ. ಗಟ್ಟಿಯಾದ ಸಣ್ಣ ಸೂಜಿ ಸಾಕು. ಹತ್ತಿ ನೂಲು ಒದ್ದೆಗೆ ಕೊಳೆಯುತ್ತದೆ, ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಸವರಿ. ತೇಪೆಯ ಅಂಚಿನ ಸುತ್ತ ಅಂಕುಡೊಂಕು ಹೊಲಿಗೆ ಹಾಕಿ. ಹಾಯಿ ಹಿಗ್ಗಿದಾಗ ಅದೂ ಸ್ವಲ್ಪ ಹಿಗ್ಗುತ್ತದೆ, ನೇರ ಹೊಲಿಗೆ ಕಿತ್ತು ಬರುತ್ತದೆ. ದಾರವನ್ನು ಜಾಸ್ತಿ ಬಿಗಿಯಬೇಡಿ.

ಆ ಮೊಳೆಯನ್ನೂ ಮರೆಯದೆ ಕೀಳಿ. ನಾನು ಮರುದಿನವೇ ಸುತ್ತಿಗೆ ಹಿಡಿದು ಹೋಗಿದ್ದೆ.